ನೆಗಡಿಯೂ ಇನ್‌ಫ್ಲುಯೆಂಜವೂ ಬೇರ್ಪಟ್ಟ ಬಗೆ

ನೆಗಡಿ ಹಿಡಿದವನನ್ನು ಇದು ಯಾವಾಗ ಆರಂಭವಾಯಿತೆಂದು ಕೇಳಿದರೆ, ಮೊನ್ನೆ ಗಂಟಲು ಕೆರೆಯುತ್ತಿತ್ತು, ನಿನ್ನೆ ರಾತ್ರಿ ನಾಲ್ಕಾರು ಸೀನು ಬಂದುವು, ಬೆಳಗಾಗುವ ಹೊತ್ತಿಗೆ ಮೂಗು ಸೋರತೊಡಗಿತು ಎಂದು ಒಂದೊಂದಾಗಿ ಹೇಳುತ್ತಾನೆ. ಇನ್‌ಫ್ಲುಯೆಂಜ ಹಿಡಿದವನಾದರೋ, ಮಧ್ಯಾಹ್ನ ಊಟಕ್ಕೆ ಕುಳಿತಾಗ ಚೆನ್ನಾಗಿಯೇ ಇದ್ದೆ, ಕೈ ತೊಳೆದು ಏಳುವಷ್ಟರಲ್ಲಿ ಚಳಿ ಹತ್ತಿತು ಎಂದು ಗಳಿಗೆಯನ್ನೇ ಗುರುತಿಟ್ಟು ಹೇಳಬಲ್ಲನು. ಮೊದಲನೆಯ ವ್ಯಾಧಿ ಬಹುಮಟ್ಟಿಗೆ ಮೂಗು ಗಂಟಲುಗಳ ಮೇರೆಯನ್ನು ದಾಟದು. ಬೆಳೆದವರಿಗೆ ಅದರಿಂದ ಜ್ವರ ಬಂದರೂ ಅಲ್ಪ, ಬಾರದಿರುವುದೇ ಹೆಚ್ಚು. ಎರಡನೆಯದು ಸರ್ವಾಂಗವನ್ನೂ ಒಮ್ಮೆಗೇ ಆಕ್ರಮಿಸುತ್ತದೆ: 101ರಿಂದ 104 ಡಿಗ್ರಿಯವರೆಗಿನ ಜ್ವರ, ತಲೆಸಿಡಿತ, ಸೊಂಟ ತೊಡೆಗಳನ್ನು ಮುರಿದು ಹಾಕಿದಂಥ ಮೈಕೈ ನೋವು, ಒಣಕೆಮ್ಮು, ಜ್ವರ ಬಿಟ್ಟ ಮೇಲೂ ಎಷ್ಟೋ ದಿವಸ ಉಳಿಯುವ ನಿಶ್ಶಕ್ತಿ. ಇಷ್ಟನ್ನು ಇಂದು ಯಾವ ವೈದ್ಯನಾದರೂ ಹೇಳಿಯಾನು. ಆದರೆ ಇವೆರಡೂ ಒಂದೇ ವ್ಯಾಧಿಯ ಸೌಮ್ಯ ಮತ್ತು ತೀವ್ರ ರೂಪಗಳಲ್ಲ, ಮೂಲದಿಂದಲೇ ಭಿನ್ನವಾದವು ಎಂಬ ಸಂಗತಿ ಪ್ರಮಾಣಸಹಿತವಾಗಿ ಸ್ಥಿರಪಟ್ಟದ್ದು ಇಪ್ಪತ್ತನೆಯ ಶತಮಾನದಲ್ಲಿ, ಕೋಟ್ಯಂತರ ಜನ ಮಡಿದ ಮೇಲೆ. ಅದಕ್ಕಾಗಿ ಶ್ರಮಿಸಿದವರಲ್ಲಿ ವಿದ್ವಾಂಸರಷ್ಟೇ ಅಲ್ಲದೆ, ಪರರ ವ್ಯಾಧಿಯನ್ನು ಬೇಕೆಂದೇ ತಮ್ಮ ಮೂಗಿಗೆ ಬರಮಾಡಿಕೊಂಡ ಸಹಸ್ರಾರು ಸಾಮಾನ್ಯ ಜನರೂ ಇದ್ದರೆಂಬುದು ಸ್ಮರಣೀಯವಾದದ್ದು.

ನಮ್ಮ ಆಯುರ್ವೇದಾಚಾರ್ಯರು ಪ್ರತಿಶ್ಯಾಯವನ್ನು, ಎಂದರೆ ನೆಗಡಿಯನ್ನು, ಪ್ರತ್ಯೇಕ ವ್ಯಾಧಿಯೆಂದೇ ಎಣಿಸಿ, ದೋಷಭೇದದಿಂದ ಅದರ ಪ್ರಕಾರಗಳನ್ನು ವಿಂಗಡಿಸಿದರು. ಅಲಕ್ಷ್ಯ ಮಾಡಿದ ಪ್ರತಿಶ್ಯಾಯದಿಂದ ಕಾಸವೂ (ಕೆಮ್ಮೂ), ಕಾಸದಿಂದ ಕ್ಷಯವೂ ಹುಟ್ಟಬಹುದೆಂದು ಚರಕಸಂಹಿತೆಯ ನಿದಾನಸ್ಥಾನ ಎಚ್ಚರಿಸುತ್ತದೆ. ಅದೇ ಸಂಹಿತೆಯಲ್ಲಿ ಜ್ವರಗಳ ವಿಚಾರ ಬಂದಾಗ, ವಾತ ಕಫಗಳೆರಡೂ ಕೆರಳಿದ ಜ್ವರಕ್ಕೆ ಚಳಿ, ಮೈಭಾರ, ತೂಕಡಿಕೆ, ಕೀಲುನೋವು, ತಲೆ ಹಿಡಿದಂತಾಗುವುದು, ನೆಗಡಿ, ಕೆಮ್ಮು, ಬೆವರು ಬಾರದಿರುವುದು ಎಂಬ ಲಕ್ಷಣಗಳನ್ನು ಹೇಳಿದೆ. ಇದನ್ನು ಇನ್‌ಫ್ಲುಯೆಂಜದ ಪಕ್ಕದಲ್ಲಿ ಇಟ್ಟು ನೋಡಿದವರಿಗೆ ಹೋಲಿಕೆ ಕಾಣದೆ ಹೋಗದು. ಆದರೂ ಪ್ರಾಚೀನರ ಜ್ವರವೊಂದನ್ನು ಹಿಡಿದು, ಇದೇ ಆಧುನಿಕರ ಇಂಥ ವ್ಯಾಧಿ ಎಂದು ಮುದ್ರೆಯೊತ್ತುವುದು ನನಗೆ ಸಮ್ಮತವಲ್ಲ. ಅವರು ನೋಡಿದ್ದು ದೇಹದಲ್ಲಿ ನಡೆಯುವ ವ್ಯಾಪಾರವನ್ನು, ದೇಹಕ್ಕೆ ಹೊರಗಿನಿಂದ ಬರುವ ಕಾರಣವನ್ನಲ್ಲ. ಆದರೆ ನೆಗಡಿಯನ್ನೇ ಪ್ರಧಾನವಾಗಿ ಉಳ್ಳ ವ್ಯಾಧಿ ಬೇರೆ, ನೆಗಡಿಯನ್ನು ಒಂದು ಅಂಗವಾಗಿ ಉಳ್ಳ ಜ್ವರ ಬೇರೆ ಎಂಬ ವಿವೇಕ ಅವರಿಗೆ ಇದ್ದಿತೆಂಬುದರಲ್ಲಿ ಸಂದೇಹವಿಲ್ಲ.

ಯೂರೋಪಿನಲ್ಲಿ ಈ ವಿವೇಕ ಬೇರೊಂದು ಮಾರ್ಗದಿಂದ ಬಂದಿತು. ಅಲ್ಲಿನ ವೈದ್ಯರು ಇನ್‌ಫ್ಲುಯೆಂಜವನ್ನು ಗುರುತಿಸಿದ್ದು ರೋಗಿಯ ನಾಡಿ ನಾಲಗೆಗಳಿಂದಲ್ಲ, ಊರಿಗೆ ಊರೇ ಒಟ್ಟಿಗೆ ಹಾಸಿಗೆ ಹಿಡಿಯುವುದರಿಂದ. ಇಂಗ್ಲೆಂಡಿನ ವೈದ್ಯನಾದ ಸಿಡನ್‌ಹ್ಯಾಮನು 1675ರಲ್ಲಿ ಲಂಡನ್ನಿನಲ್ಲಿ ಹಬ್ಬಿದ ಕೆಮ್ಮನ್ನು ವರ್ಣಿಸಿದ್ದು ಹೀಗೆಯೇ. 1782ರ ಮಹಾಸಂಚಾರದ ಬಳಿಕ ಲಂಡನ್ನಿನ ರಾಯಲ್ ಕಾಲೇಜಿನ ವೈದ್ಯಸಭೆ ನಗರದ ಮತ್ತು ಹಳ್ಳಿಪ್ರಾಂತಗಳ ವೈದ್ಯರಿಂದ ವರದಿಗಳನ್ನು ತರಿಸಿ ಒಂದು ವೃತ್ತಾಂತವನ್ನೇ ಸಿದ್ಧಪಡಿಸಿತು. ಇದಕ್ಕೆ ಕೆಲವೇ ವರ್ಷ ಮೊದಲು ಬೆಂಜಮಿನ್ ಫ್ರಾಂಕ್ಲಿನನು, ಜನರಿಗೆ ನೆಗಡಿ ಹಿಡಿಯುವುದು ತಣ್ಣನೆಯ ಗಾಳಿಯಿಂದಲ್ಲ, ಮುಚ್ಚಿದ ಕೋಣೆಗಳಲ್ಲಿ ಒತ್ತಾಗಿ ಕುಳಿತು ಒಬ್ಬರ ಉಸಿರನ್ನು ಒಬ್ಬರು ಸೇವಿಸುವುದರಿಂದ ಎಂದು ಮಿತ್ರನಿಗೆ ಬರೆದಿದ್ದನು. ಆ ಮಾತಿಗೆ ಆಗ ಕಿವಿಗೊಟ್ಟವರು ವಿರಳ. ಒಟ್ಟಿನಲ್ಲಿ ಇನ್‌ಫ್ಲುಯೆಂಜವು ಸಮೂಹದ ವ್ಯಾಧಿಯೆಂದೂ ನೆಗಡಿಯು ವ್ಯಕ್ತಿಯ ವ್ಯಾಧಿಯೆಂದೂ ಒಂದು ಸ್ಥೂಲವಾದ ತಿಳಿವಳಿಕೆ ರೂಢಿಗೆ ಬಂದಿತು. ಊರಿನಲ್ಲಿ ನೂರಾರು ಜನ ಮಲಗಿದ್ದಾಗ ಈ ತಿಳಿವಳಿಕೆ ಸಾಕಾಗುತ್ತಿತ್ತು. ಒಬ್ಬನೇ ರೋಗಿ ಬಂದು ಎದುರಿಗೆ ಕೆಮ್ಮುತ್ತಾ ಕುಳಿತಾಗ, ಇದು ಬರಲಿರುವ ಉತ್ಪಾತದ ಮೊದಲ ಸೂಚನೆಯೋ, ಮೂರು ದಿನದಲ್ಲಿ ಮರೆತು ಹೋಗುವ ಶೀತವೋ ಎಂದು ನಿರ್ಣಯಿಸಲು ಅದರಿಂದ ಏನೂ ಸಹಾಯವಿರಲಿಲ್ಲ.

1889ರಲ್ಲಿ ರಷ್ಯಾದ ಕಡೆಯಿಂದ ಹೊರಟು, ರೈಲು ಮತ್ತು ಉಗಿಹಡಗುಗಳ ವೇಗದಲ್ಲಿ ಲೋಕವನ್ನು ಸುತ್ತಿ, ಮರುವರ್ಷ ನಮ್ಮ ದೇಶಕ್ಕೂ ಬಂದ ಮಹಾಮಾರಿಯ ಕಾಲಕ್ಕೆ ರೋಗಾಣುಶಾಸ್ತ್ರ ಉಚ್ಛ್ರಾಯ ಸ್ಥಿತಿಯಲ್ಲಿದ್ದಿತು. ಆ ಶಾಸ್ತ್ರದ ಆಚಾರ್ಯನಾಗಿದ್ದ ಕಾಖ್‌ನ ಶಿಷ್ಯ ರಿಚರ್ಡ್ ಫೈಫರನು 1892ರಲ್ಲಿ ರೋಗಿಗಳ ಕಫದಲ್ಲಿ ಅತಿ ಸೂಕ್ಷ್ಮವಾದ ಒಂದು ಬ್ಯಾಸಿಲಸ್ಸನ್ನು ಕಂಡು, ಇದೇ ಇನ್‌ಫ್ಲುಯೆಂಜದ ಕಾರಣವೆಂದು ಸಾರಿದನು. ಸಾರಿದವನು ಪ್ರಾಮಾಣಿಕ, ಸಾರಿದ ವಿಷಯ ತಪ್ಪು. ಆ ಬ್ಯಾಸಿಲಸ್ ಆರೋಗ್ಯವಂತರ ಗಂಟಲಿನಲ್ಲಿಯೂ ಇರುತ್ತದೆ. ಬೇರೊಂದು ವ್ಯಾಧಿ ಬಾಗಿಲು ತೆರೆದಾಗ ಒಳನುಗ್ಗುವುದು ಅದರ ಸ್ವಭಾವ. ಆದರೆ ಕಾಲು ಶತಮಾನದವರೆಗೆ ವೈದ್ಯಲೋಕವು ಅದನ್ನೇ ನಂಬಿಕೊಂಡಿದ್ದಿತು. ಆ ನಂಬಿಕೆಗೆ ತಟ್ಟಿದ ಪೆಟ್ಟು 1918.

ಆ ವರ್ಷದ ಜೂನ್ ತಿಂಗಳಲ್ಲಿ ಮುಂಬಯಿಯ ಬಂದರಿನ ಆಸುಪಾಸಿನಲ್ಲಿ ಕೆಲಸಮಾಡುತ್ತಿದ್ದ ಪೋಲೀಸ್ ಸಿಪಾಯಿಗಳು ಕೆಲವರು ಜ್ವರದಿಂದ ಆಸ್ಪತ್ರೆಗೆ ಸೇರಿದರು. ಮೊದಲ ಅಲೆಯು ಬಹಳ ಜನರನ್ನು ಮಲಗಿಸಿತಾದರೂ ಕೊಂದದ್ದು ಕಡಮೆಯಾದುದರಿಂದ, ಇದು ಮಳೆಗಾಲದ ಆರಂಭದಲ್ಲಿ ವಾಡಿಕೆಯಾಗಿ ಬರುವ ಶೀತಜ್ವರವೆಂದು ಭಾವಿಸಲು ಅವಕಾಶವಾಯಿತು. ಸೆಪ್ಟೆಂಬರಿನಲ್ಲಿ ಎರಡನೆಯ ಅಲೆ ಎದ್ದಿತು. ಅದು ಮುದುಕರನ್ನೂ ಹಸುಗೂಸುಗಳನ್ನೂ ಮಾತ್ರ ಆರಿಸಿಕೊಳ್ಳುವ ರೂಢಿಯ ವ್ಯಾಧಿಯಾಗಿರಲಿಲ್ಲ. ಇಪ್ಪತ್ತರಿಂದ ನಲವತ್ತರ ನಡುವಣ ದೃಢಕಾಯರನ್ನು, ಗರ್ಭಿಣಿಯರನ್ನು ಹುಡುಕಿ ಹುಡುಕಿ ಹಿಡಿಯಿತು. ಶ್ವಾಸಕೋಶಗಳು ತುಂಬಿ, ಮುಖ ನೀಲಿಗಟ್ಟಿ, ಎರಡು ಮೂರು ದಿನಗಳಲ್ಲಿಯೇ ಪ್ರಾಣ ಹೋಗುತ್ತಿತ್ತು. ಆ ವರ್ಷ ಮುಂಗಾರೂ ಕೈಕೊಟ್ಟಿದ್ದುದರಿಂದ ದಖ್ಖನಿನ ಜನ ಅರೆಹೊಟ್ಟೆಯಲ್ಲಿ ಈ ವ್ಯಾಧಿಯನ್ನು ಎದುರಿಸಬೇಕಾಯಿತು. ಆಗ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರದ ಸೀಮೆಗಳಿಗೂ, ಮೈಸೂರು ಸಂಸ್ಥಾನಕ್ಕೂ ಈ ಸಂಕಟ ತಪ್ಪಲಿಲ್ಲ. ಇಡೀ ದೇಶದಲ್ಲಿ ಸತ್ತವರು ಒಂದು ಕೋಟಿಗೂ ಮೀರಿದರೆಂಬುದರಲ್ಲಿ ಅಂದಾಜು ಮಾಡಿದವರೆಲ್ಲ ಬಹುಮಟ್ಟಿಗೆ ಏಕಾಭಿಪ್ರಾಯರು. 1911ರಿಂದ 1921ರ ವರೆಗಿನ ದಶಕದಲ್ಲಿ ಭಾರತದ ಜನಸಂಖ್ಯೆ ಏರುವುದಕ್ಕೆ ಬದಲಾಗಿ ಇಳಿದುಹೋಯಿತು. ಅಲ್ಲಿಂದೀಚೆಗೆ ಯಾವ ಜನಗಣತಿಯಲ್ಲಿಯೂ ಹಾಗೆ ಆದುದಿಲ್ಲ. ಊರಿಗೆ ಊರೇ ಶವಸಂಸ್ಕಾರಕ್ಕೆ ಜನ ಸಾಲದೆ ನಿಂತಿದ್ದಾಗ, ಪ್ರಯೋಗಶಾಲೆಗಳಲ್ಲಿ ವಿದ್ವಾಂಸರು ಫೈಫರನ ಬ್ಯಾಸಿಲಸ್ಸನ್ನು ಅರಸುತ್ತಿದ್ದರು. ಕೆಲವು ರೋಗಿಗಳಲ್ಲಿ ಅದು ಸಿಕ್ಕಿತು, ಎಷ್ಟೋ ರೋಗಿಗಳಲ್ಲಿ ಸಿಕ್ಕಲೇ ಇಲ್ಲ.

ಅಮೆರಿಕದ ಬಾಸ್ಟನ್ ಬಳಿಯ ಗ್ಯಾಲಪ್ಸ್ ದ್ವೀಪದಲ್ಲಿ ಆಗ ನಡೆದ ಒಂದು ಪರೀಕ್ಷೆಯನ್ನು ಓದಿದಾಗ ಮನಸ್ಸು ತಳಮಳಗೊಳ್ಳುತ್ತದೆ. ನೌಕಾಪಡೆಯ ಸೆರೆಮನೆಯಲ್ಲಿದ್ದ 62 ಮಂದಿ, ಬದುಕಿ ಉಳಿದರೆ ಕ್ಷಮಾದಾನ ದೊರೆಯುವುದೆಂಬ ಆಶ್ವಾಸನೆಯ ಮೇಲೆ, ರೋಗಿಗಳ ಗಂಟಲಿನ ದ್ರವವನ್ನು ತಮ್ಮ ಮೂಗಿಗೂ ಕಣ್ಣಿಗೂ ಹಚ್ಚಿಸಿಕೊಂಡರು. ಸಾಯುತ್ತಿದ್ದವರ ಮಂಚದ ಅಂಚಿನಲ್ಲಿ ಕುಳಿತು ಅವರ ಕೆಮ್ಮನ್ನು ಮುಖಕ್ಕೆ ಒಡ್ಡಿಕೊಂಡರು. ಒಬ್ಬನಿಗೂ ವ್ಯಾಧಿ ಅಂಟಲಿಲ್ಲ. ಲೋಕವನ್ನೆಲ್ಲ ಸುಡುತ್ತಿದ್ದ ಜ್ವರ ಬೇಕೆಂದು ಕರೆದಾಗ ಬಾರದೆ ಹೋದದ್ದು ಪರೀಕ್ಷಕರನ್ನು ಸಂಪೂರ್ಣವಾಗಿ ದಿಗ್ಭ್ರಾಂತರನ್ನಾಗಿ ಮಾಡಿತು.

ವಿಚಿತ್ರವೆಂದರೆ ಯಾರೂ ಭಯಪಡದಿದ್ದ ನೆಗಡಿಯ ವಿಷಯದಲ್ಲಿ ಮೊದಲ ಬೆಳಕು ಇದಕ್ಕೂ ಮುಂಚೆಯೇ ಕಂಡಿತ್ತು. 1914ರಲ್ಲಿ ಲೈಪ್‌ಜಿಗ್ ನಗರದ ವಾಲ್ಟರ್ ಕ್ರೂಸನು ನೆಗಡಿಯಾದವನ ಮೂಗಿನ ಸ್ರಾವವನ್ನು, ಬ್ಯಾಕ್ಟೀರಿಯಗಳಾವುವೂ ದಾಟಲಾರದಷ್ಟು ಸೂಕ್ಷ್ಮವಾದ ಶೋಧಕದಲ್ಲಿ ಸೋಸಿ, ಆ ನೀರನ್ನು ತನ್ನ ಸಹಾಯಕರ ಮತ್ತು ವಿದ್ಯಾರ್ಥಿಗಳ ಮೂಗಿಗೆ ಬಿಟ್ಟನು; ಅವರಲ್ಲಿ ಹಲವರಿಗೆ ನೆಗಡಿಯಾಯಿತು. ಹೀಗೆ ನೆಗಡಿಯ ಬೀಜ ಬ್ಯಾಕ್ಟೀರಿಯಕ್ಕಿಂತ ಕಿರಿದಾದ ವೈರಸ್ ಎಂಬುದಕ್ಕೆ ಮೊದಲ ಸಾಕ್ಷ್ಯ ದೊರೆಯಿತು. ಮೊದಲನೆಯ ಮಹಾಯುದ್ಧದ ಗದ್ದಲದಲ್ಲಿ ಅದನ್ನು ಮುಂದುವರಿಸುವವರು ಕಡಮೆಯಾದರು. 1930ರಲ್ಲಿ ನ್ಯೂಯಾರ್ಕಿನ ಡೋಶೆಯು ಚಿಂಪಾಂಜಿಗಳಿಗೆ ಮನುಷ್ಯರ ನೆಗಡಿಯನ್ನು ಹತ್ತಿಸಿ ತೋರಿಸಿದನು. ಚಿಂಪಾಂಜಿ ಬಹಳ ಬೆಲೆಯ ಪ್ರಾಣಿಯಾದುದರಿಂದ, ಅವನ ಕೆಲಸವನ್ನು ಕಣ್ಣಾರೆ ಕಂಡು ಇಂಗ್ಲೆಂಡಿಗೆ ಮರಳಿದ ಕ್ರಿಸ್ಟೊಫರ್ ಆಂಡ್ರೂಸ್ ಎಂಬ ವೈದ್ಯನು ವಿದ್ಯಾರ್ಥಿಗಳನ್ನೇ ಸ್ವಯಂಸೇವಕರನ್ನಾಗಿ ಕೂಡಿಸಿಕೊಂಡು ನೆಗಡಿಯ ಶೋಧಕ್ಕೆ ಕೈಹಾಕಿದನು. ನೆಗಡಿಯನ್ನೂ ಇನ್‌ಫ್ಲುಯೆಂಜವನ್ನೂ ಬೇರ್ಪಡಿಸಿದ ಕಥೆಯಲ್ಲಿ ಮುಂದೆ ಮೂವತ್ತು ವರ್ಷಗಳ ಕಾಲ ಈ ಹೆಸರು ಮತ್ತೆ ಮತ್ತೆ ಬರುತ್ತದೆ.

1933ರ ಆದಿಯಲ್ಲಿ ಲಂಡನ್ನಿನಲ್ಲಿ ಇನ್‌ಫ್ಲುಯೆಂಜ ಹಬ್ಬಿದ್ದಾಗ ಆಂಡ್ರೂಸನೂ ಅದಕ್ಕೆ ಸಿಕ್ಕಿ ಮಲಗಿದನು. ಅವನ ಸಹೋದ್ಯೋಗಿಯಾದ ವಿಲ್ಸನ್ ಸ್ಮಿತ್ ಅವನಿಂದ ಬಾಯಿ ಮುಕ್ಕಳಿಸಿದ ನೀರನ್ನು ಸಂಗ್ರಹಿಸಿ, ಸೋಸಿ, ಮಿಲ್ ಹಿಲ್‌ನಲ್ಲಿದ್ದ ತಮ್ಮ ಸಂಸ್ಥೆಯ ಕ್ಷೇತ್ರಕ್ಕೆ ಒಯ್ದನು. ಮೊಲಗಳನ್ನು ಬಿಲದಿಂದ ಹೊರಡಿಸಲು ಅಲ್ಲಿನ ಬೇಟೆಗಾರರು ಸಾಕುವ ಫೆರೆಟ್ ಎಂಬ ನೀಳಮೈಯ ಪ್ರಾಣಿಗಳು ಆ ಕ್ಷೇತ್ರದಲ್ಲಿದ್ದುವು. ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗದ ಸಂಶೋಧನೆಗಾಗಿ ಪ್ಯಾಟ್ರಿಕ್ ಲೈಡ್ಲಾ ಅವುಗಳನ್ನು ಅಲ್ಲಿ ಬಳಸುತ್ತಿದ್ದನು. ಸೋಸಿದ ನೀರನ್ನು ಮೂಗಿಗೆ ಬಿಟ್ಟ ಎರಡು ಮೂರು ದಿನಗಳಲ್ಲಿ ಫೆರೆಟ್‌ಗಳು ಮಂಕಾದುವು, ಜ್ವರ ಏರಿತು, ಕಣ್ಣು ಮೂಗುಗಳಲ್ಲಿ ನೀರಿಳಿಯಿತು, ಸೀನತೊಡಗಿದುವು. ಒಂದರಿಂದ ಇನ್ನೊಂದಕ್ಕೆ ರೋಗ ದಾಟಿತು. ಇನ್‌ಫ್ಲುಯೆಂಜದಿಂದ ಚೇತರಿಸಿಕೊಂಡ ಮನುಷ್ಯರ ರಕ್ತದ ಸೀರಮ್ಮನ್ನು ಬೆರೆಸಿದರೆ ಮಾತ್ರ ಆ ದ್ರವ ನಿರ್ವೀರ್ಯವಾಗುತ್ತಿತ್ತು. ಮೂರು ವರ್ಷಗಳ ಅನಂತರ ಅದೇ ಬಳಗದ ತರುಣ ವೈದ್ಯ ಸ್ಟೂವರ್ಟ್ ಹ್ಯಾರಿಸನ ಮುಖಕ್ಕೆ ವ್ಯಾಧಿಗ್ರಸ್ತ ಫೆರೆಟ್ ಒಂದು ಸೀನಿ, ಅವನಿಗೆ ಇನ್‌ಫ್ಲುಯೆಂಜವೇ ಬಂದು, ಅವನ ಗಂಟಲಿನಿಂದ ಆ ವೈರಸ್ ಮರಳಿ ದೊರೆತಾಗ, ಪ್ರಮಾಣದ ವೃತ್ತ ಪೂರ್ಣವಾಯಿತು. ಫೈಫರನ ಬ್ಯಾಸಿಲಸ್ಸಿಗೆ ಅಲ್ಲಿಗೆ ಮುಕ್ತಿ. ಇನ್‌ಫ್ಲುಯೆಂಜಕ್ಕೆ ಒಂದು ವೈರಸ್ ಉಂಟು, ಫೆರೆಟ್ ಅದಕ್ಕೆ ವಶವಾಗುತ್ತದೆ. ನೆಗಡಿಗೆ ಇನ್ನೊಂದು ಉಂಟು, ಅದಕ್ಕೆ ಯಾವ ಸಣ್ಣ ಪ್ರಾಣಿಯೂ ವಶವಾಗದು. ಎರಡರ ಭೇದವನ್ನು ಮನುಷ್ಯರ ಮಾತಿನಿಂದಲ್ಲದೆ ಪ್ರಕೃತಿಯ ಸಾಕ್ಷ್ಯದಿಂದಲೇ ತಿಳಿಯುವ ದಾರಿ ಹೀಗೆ ತೆರೆಯಿತು.

1941ರಲ್ಲಿ ಜಾರ್ಜ್ ಹರ್ಸ್ಟನು ಇನ್‌ಫ್ಲುಯೆಂಜದ ವೈರಸ್ಸು ಕೋಳಿಯ ರಕ್ತಕಣಗಳನ್ನು ಗುಂಪುಗೂಡಿಸುವುದನ್ನು ಕಂಡುಹಿಡಿದ ಮೇಲೆ, ರೋಗಿಯ ರಕ್ತವನ್ನು ಆರಂಭದಲ್ಲಿ ಒಮ್ಮೆ, ಎರಡು ಮೂರು ವಾರಗಳ ಅನಂತರ ಒಮ್ಮೆ ಪರೀಕ್ಷಿಸಿ, ಆ ಗುಂಪುಗೂಡಿಕೆಯನ್ನು ತಡೆಯುವ ಶಕ್ತಿ ಅದರಲ್ಲಿ ಏರಿದ್ದರೆ, ಬಂದದ್ದು ಇನ್‌ಫ್ಲುಯೆಂಜವೇ ಎಂದು ಖಚಿತವಾಗಿ ಹೇಳುವುದು ಸಾಧ್ಯವಾಯಿತು. ಅಷ್ಟರಲ್ಲಿ ರೋಗಿ ಗುಣವಾಗಿರುತ್ತಿದ್ದನು. ಆ ಉತ್ತರದಿಂದ ಪ್ರಯೋಜನ ಪಡೆದದ್ದು ಅವನಲ್ಲ, ಶಾಸ್ತ್ರ.

ಎರಡನೆಯ ಮಹಾಯುದ್ಧ ಮುಗಿದ ಬಳಿಕ ಆಂಡ್ರೂಸನು ಮತ್ತೆ ನೆಗಡಿಯ ಕಡೆಗೆ ತಿರುಗಿದನು. ದಕ್ಷಿಣ ಇಂಗ್ಲೆಂಡಿನ ಸಾಲ್ಸ್‌ಬರಿ ಪಟ್ಟಣದ ಹೊರಗೆ, ಯುದ್ಧಕಾಲದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಮತ್ತು ಅಮೆರಿಕದ ರೆಡ್‌ಕ್ರಾಸ್ ಕಟ್ಟಿ ಬಿಟ್ಟುಹೋಗಿದ್ದ ಮರದ ಆಸ್ಪತ್ರೆಯ ಕಟ್ಟಡಗಳಲ್ಲಿ 1946ರಲ್ಲಿ ನೆಗಡಿ ಸಂಶೋಧನ ಕೇಂದ್ರ ತೆರೆಯಿತು. ಈ ಸಂಸ್ಥೆಯ ಬಗೆಗೆ ಎಷ್ಟು ಬರೆದರೂ ನನಗೆ ತೃಪ್ತಿಯಿಲ್ಲ. ಪತ್ರಿಕಾಪ್ರಕಟಣೆಗಳನ್ನು ನೋಡಿ ಬರುತ್ತಿದ್ದ ವಿದ್ಯಾರ್ಥಿಗಳು, ಉಪಾಧ್ಯಾಯರು, ಗುಮಾಸ್ತರು, ನವವಿವಾಹಿತ ದಂಪತಿಗಳು ಕೂಡ, ಹತ್ತು ದಿವಸ ಅಲ್ಲಿ ಉಳಿಯಬೇಕಾಗಿತ್ತು. ಇಬ್ಬಿಬ್ಬರನ್ನು ಒಂದೊಂದು ಬಿಡಾರದಲ್ಲಿ ಇರಿಸಿ, ದಿನಕ್ಕೆ ಮೂರು ಷಿಲಿಂಗ್ ಕೈಖರ್ಚು ಕೊಟ್ಟು, ಊಟವನ್ನು ಬಾಗಿಲ ಹೊರಗೆ ಇಟ್ಟು ಹೋಗುತ್ತಿದ್ದರು. ಬಯಲಿನಲ್ಲಿ ಅಡ್ಡಾಡಬಹುದು, ಆದರೆ ಬೇರೆ ಮನುಷ್ಯರಿಂದ ಮೂವತ್ತು ಅಡಿ ದೂರವಿರಬೇಕು. ಮೊದಲ ಮೂರು ದಿನ ಹೊರಗಿನಿಂದ ತಂದ ವ್ಯಾಧಿಯೇನಾದರೂ ಇದೆಯೇ ಎಂದು ಕಾದು ನೋಡಿ, ಅನಂತರ ಮೂಗಿಗೆ ದ್ರವ ಬಿಡುತ್ತಿದ್ದರು. ಅದರಲ್ಲಿ ನೆಗಡಿಯ ಬೀಜವಿದೆಯೋ ಬರಿಯ ನೀರಿದೆಯೋ ಎಂಬುದು ಸ್ವಯಂಸೇವಕನಿಗೂ ತಿಳಿಯದು, ದಿನವೂ ಬಂದು ಪರೀಕ್ಷಿಸುವ ವೈದ್ಯನಿಗೂ ತಿಳಿಯದು. ಬಳಸಿ ಬಿಸುಟ ಕಾಗದದ ಕರವಸ್ತ್ರಗಳನ್ನು ಎಣಿಸಿ, ಸ್ರಾವವನ್ನು ತೂಗಿ ಲೆಕ್ಕವಿಡುತ್ತಿದ್ದರು. ಬೀಜವನ್ನು ನಿಜವಾಗಿ ಪಡೆದವರಲ್ಲಿಯೂ ಅರ್ಧದಷ್ಟು ಮಂದಿಗೆ ಏನೂ ಆಗುತ್ತಿರಲಿಲ್ಲ. ಮುಂದೆ ಭೂಮಂಡಲವನ್ನೇ ಒಂದು ಸಜೀವ ವ್ಯವಸ್ಥೆಯೆಂದು ವಾದಿಸಿ ಪ್ರಸಿದ್ಧನಾದ ಜೇಮ್ಸ್ ಲವ್‌ಲಾಕನು ತರುಣನಾಗಿ ಇಲ್ಲಿಯೇ ಕೆಲಸ ಮಾಡಿ, ಅತಿನೇರಳೆ ಬೆಳಕಿನಲ್ಲಿ ಹೊಳೆಯುವ ಬಣ್ಣವನ್ನು ಒಬ್ಬನ ಮೂಗಿನಿಂದ ತೊಟ್ಟಿಕ್ಕುವಂತೆ ಮಾಡಿ, ಅದು ಅವನ ಕೈ, ಮುಖ, ಆಡುವ ಇಸ್ಪೀಟಿನ ಎಲೆಗಳಿಗೆಲ್ಲ ಎಷ್ಟು ಬೇಗ ಹರಡುವುದೆಂದು ತೋರಿಸಿದನು.

ಮಳೆಯಲ್ಲಿ ನೆನೆದರೆ, ತಲೆಗೆ ತಣ್ಣೀರು ಹೊಯ್ದುಕೊಂಡರೆ ನೆಗಡಿಯಾಗುವುದೆಂಬ ನಂಬಿಕೆ ನಮ್ಮ ಮನೆಗಳಲ್ಲಿರುವಷ್ಟೇ ಗಾಢವಾಗಿ ಇಂಗ್ಲೆಂಡಿನ ಮನೆಗಳಲ್ಲಿಯೂ ಇತ್ತು. ಅದನ್ನು ಪರೀಕ್ಷಿಸಲು ಸಾಲ್ಸ್‌ಬರಿಯವರು ಕೆಲವರಿಗೆ ಬಿಸಿನೀರಿನ ಸ್ನಾನ ಮಾಡಿಸಿ, ಮೈ ಒರಸಲು ಬಿಡದೆ, ಗಾಳಿ ಬೀಸುವ ಓಣಿಯಲ್ಲಿ ಅರ್ಧ ಗಂಟೆ ನಿಲ್ಲಿಸಿ, ಮೇಲೆ ಒದ್ದೆ ಕಾಲುಚೀಲಗಳನ್ನು ಹಾಕಿಸಿದರು. ಬರಿಯ ಚಳಿಯನ್ನು ಉಂಡವರಿಗೆ ನೆಗಡಿ ಹಿಡಿಯಲಿಲ್ಲ; ಚಳಿಯ ಜೊತೆಗೆ ಬೀಜವನ್ನೂ ಪಡೆದವರು, ಪ್ರಯೋಗವನ್ನು ಮರಳಿ ಮರಳಿ ಮಾಡಿದಾಗ, ಬೀಜವನ್ನು ಮಾತ್ರ ಪಡೆದವರಿಗಿಂತ ಹೆಚ್ಚು ಕಷ್ಟಪಟ್ಟಂತೆ ಕಾಣಲಿಲ್ಲ. ಈ ಪರೀಕ್ಷೆಗಳ ಗುಂಪುಗಳು ಚಿಕ್ಕವು ಎಂಬುದನ್ನು ಮರೆಯಬಾರದು. ಆದರೂ ಶತಮಾನಗಳಿಂದ ಯಾರೂ ಪ್ರಶ್ನಿಸದಿದ್ದ ಒಂದು ಭಾವನೆಯನ್ನು ಒದ್ದೆ ಕಾಲುಚೀಲದಲ್ಲಿ ನಡುಗುತ್ತಾ ನಿಂತು ಪರೀಕ್ಷೆಗೆ ಒಡ್ಡಿದ ಆ ಅನಾಮಧೇಯರಿಗೆ ಗೌರವ ಸಲ್ಲಲೇಬೇಕು.

ಇಷ್ಟೆಲ್ಲ ನಡೆದರೂ ನೆಗಡಿಯ ವೈರಸ್ಸನ್ನು ಗಾಜಿನ ಕೊಳವೆಯಲ್ಲಿ ಬೆಳೆಸುವುದು ಹತ್ತು ವರ್ಷಗಳಿಗೂ ಮಿಕ್ಕು ಕೈಗೂಡಲಿಲ್ಲ. ಅಮೆರಿಕದಲ್ಲಿ 1956ರ ಹೊತ್ತಿಗೆ ಒಂದೆರಡು ಬಗೆಯವು ದೊರೆತುವು. ವ್ಯಾಪಕವಾದ ಸಿದ್ಧಿ ಬಂದದ್ದು 1960ರಲ್ಲಿ, ಸಾಲ್ಸ್‌ಬರಿಯ ಡೇವಿಡ್ ಟಿರೆಲ್ ಮತ್ತು ಅವನ ಸಂಗಡಿಗರಿಂದ. ಅದುವರೆಗೆ ಎಲ್ಲರೂ ಜೀವಕೋಶಗಳನ್ನು ಶರೀರದ ಸಹಜ ಉಷ್ಣತೆಯಾದ 37 ಡಿಗ್ರಿ ಸೆಂಟಿಗ್ರೇಡಿನಲ್ಲಿ ಇಡುತ್ತಿದ್ದರು. ಇವರು ಅದನ್ನು 33ಕ್ಕೆ ಇಳಿಸಿ, ಪೋಷಕದ್ರವವನ್ನು ತುಸು ಆಮ್ಲೀಯವಾಗಿಸಿದರು. ಹೊರಗಿನ ತಂಗಾಳಿ ಸದಾ ಹಾಯುವ ಮೂಗಿನ ಒಳಗೋಡೆಯ ಉಷ್ಣತೆ ಸುಮಾರು 33 ಡಿಗ್ರಿ. ರೈನೊವೈರಸ್ ಎಂದು ಕರೆಯಲ್ಪಟ್ಟ ಆ ಜೀವಿ ಮೂಗಿನ ಈ ತಂಪಿಗೆ ಹೊಂದಿಕೊಂಡದ್ದು. ನೆಗಡಿ ಮೂಗಿನಲ್ಲಿಯೇ ಬಹುಮಟ್ಟಿಗೆ ನಿಲ್ಲುವುದೇಕೆ ಎಂಬ ಪ್ರಶ್ನೆಗೆ ಒಂದು ಉತ್ತರ ಇಲ್ಲಿದೆ. ಇನ್‌ಫ್ಲುಯೆಂಜದ ವೈರಸ್ಸಾದರೋ ದೇಹದ ಪೂರ್ಣ ಉಷ್ಣತೆಯಲ್ಲಿಯೂ ಸೊಗಸಾಗಿ ಬೆಳೆದು, ಶ್ವಾಸನಾಳದ ಒಳಪದರವನ್ನು ಸವೆಸಿಹಾಕುತ್ತದೆ. ಅದರೊಡನೆ ಹೋರಾಡಲು ದೇಹವು ರಕ್ತಕ್ಕೆ ಬಿಡುವ ದ್ರವ್ಯಗಳೇ ಆ ಹಠಾತ್ತಾದ ಚಳಿಗೂ ಮೈನೋವಿಗೂ ಬಹುಮಟ್ಟಿಗೆ ಕಾರಣ. ಇಂಥ ದ್ರವ್ಯಗಳಲ್ಲಿ ಮೊದಲು ಹೆಸರು ಪಡೆದ ಇಂಟರ್‌ಫೆರಾನನ್ನು ಐಸಾಕ್ಸ್ ಮತ್ತು ಲಿಂಡೆನ್‌ಮನ್ 1957ರಲ್ಲಿ ಮಿಲ್ ಹಿಲ್‌ನಲ್ಲಿಯೇ ಕಂಡುಹಿಡಿದರು. ರೋಗಿಯು ಹಾಸಿಗೆಯಲ್ಲಿ ಅನುಭವದಿಂದ ಮಾಡಿದ್ದ ಭೇದಕ್ಕೆ ಅಂತೂ ಕಾರಣಸಹಿತವಾದ ವಿವರಣೆ ದೊರೆತಂತಾಯಿತು.

ಅದೇ 1957ರಲ್ಲಿ ನಮ್ಮ ನಾಡಿಗೂ ಈ ವಿದ್ಯೆಯ ಪರೀಕ್ಷೆ ಒದಗಿತು. ಚೀನದಲ್ಲಿ ಹುಟ್ಟಿ ಹಾಂಗ್‌ಕಾಂಗ್, ಸಿಂಗಪುರಗಳನ್ನು ದಾಟಿದ ಹೊಸ ಇನ್‌ಫ್ಲುಯೆಂಜವು ಮೇ ತಿಂಗಳಲ್ಲಿ ಹಡಗಿನ ಪ್ರಯಾಣಿಕರೊಡನೆ ಮದರಾಸಿನ ಬಂದರಿಗೆ ಬಂದಿಳಿಯಿತು. 1918ರ ಮುಂಬಯಿಗೂ ಈ ಮದರಾಸಿಗೂ ಇದ್ದ ಅಂತರ ದೊಡ್ಡದು. ನೀಲಗಿರಿಯ ಕೂನೂರಿನ ಪಾಸ್ಚರ್ ಸಂಸ್ಥೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜಾಲಕ್ಕೆ ಸೇರಿದ ಇನ್‌ಫ್ಲುಯೆಂಜ ಕೇಂದ್ರವೊಂದು ಆಗಲೇ ಕೆಲಸ ಮಾಡುತ್ತಿದ್ದಿತು. ರೋಗಿಗಳ ಗಂಟಲಿನ ದ್ರವ ಅಲ್ಲಿಗೆ ಹೋಗಿ, ಇದು ಋತುಮಾನದ ಶೀತವಲ್ಲ, ಹೊಸ ವೈರಸ್ಸು ಎಂಬ ನಿರ್ಣಯ ದೊರೆಯಿತು. ಮರುವರ್ಷದ ಫೆಬ್ರುವರಿಯವರೆಗೆ ದೇಶದಲ್ಲಿ ದಾಖಲೆಯಾದವರು ಸುಮಾರು 44 ಲಕ್ಷ ರೋಗಿಗಳು, ಸತ್ತವರೆಂದು ವರದಿಯಾದವರು 1,100ರಷ್ಟು. ದಾಖಲೆಗೆ ಬಾರದೆ ಹೋದವರು ಎಷ್ಟೋ ಇದ್ದಿರಬೇಕು. ವೈರಸ್ಸೂ 1918ರದಷ್ಟು ಕ್ರೂರವಾಗಿರಲಿಲ್ಲ. ಅದೇನೇ ಇರಲಿ, ಬಂದದ್ದು ಏನೆಂದು ಈ ಸಲ ತಿಳಿದಿತ್ತು.

ಸಾಲ್ಸ್‌ಬರಿಯ ಬಿಡಾರಗಳು 1990ರಲ್ಲಿ ಮುಚ್ಚಿದುವು. ಆ ವೇಳೆಗೆ ಹತ್ತಿರ ಹತ್ತಿರ ಇಪ್ಪತ್ತು ಸಾವಿರ ಜನ ಅಲ್ಲಿ ತಂಗಿ ಹೋಗಿದ್ದರು. ನೆಗಡಿಗೆ ಔಷಧವಾಗಲಿ ಲಸಿಕೆಯಾಗಲಿ ದೊರೆಯಲಿಲ್ಲವೆಂದು ಅದನ್ನು ವಿಫಲವೆಂದು ಎಣಿಸುವವರುಂಟು. ನಾನು ಹಾಗೆ ಎಣಿಸಲಾರೆ. ನೆಗಡಿಗೆ ಕಾರಣವಾದ ರೈನೊವೈರಸ್ಸುಗಳೇ ನೂರಕ್ಕೂ ಮಿಕ್ಕು ಬಗೆಯವು ಎಂದು ತಿಳಿದುಬಂದದ್ದು ಇಂಥ ಕೆಲಸದಿಂದ. ಒಂದರ ಮೇಲೆ ಬಂದ ರಕ್ಷಣೆ ಇನ್ನೊಂದರ ಮೇಲೆ ನಡೆಯದಾದುದರಿಂದ ಒಂದೇ ಲಸಿಕೆ ಸಾಕಾಗದೆಂಬುದೂ ಸ್ಪಷ್ಟವಾಯಿತು. ನೆಗಡಿಯಾಗಿದ್ದ ಒಬ್ಬ ಬಾಲಕನ ಮೂಗಿನಿಂದ ತೆಗೆದು ಬಿ-814 ಎಂದು ಗುರುತಿಸಿದ್ದ ಒಂದು ಮಾದರಿ ರೈನೊವೈರಸ್ಸಿನಂತೆ ವರ್ತಿಸದಿದ್ದಾಗ, ಜೂನ್ ಅಲ್ಮೈಡ ಎಂಬ ಮಹಿಳೆ ಅದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಸುತ್ತಲೂ ಕಿರೀಟದಂಥ ಅಂಚುಳ್ಳ ಆಕೃತಿಯನ್ನು ಗುರುತಿಸಿದಳು. 1968ರಲ್ಲಿ ಅಂಥವುಗಳಿಗೆ ಕೊರೊನಾವೈರಸ್ ಎಂಬ ಹೆಸರು ಬಂದಿತು. ಐವತ್ತು ವರ್ಷಗಳ ಅನಂತರ ಆ ಹೆಸರನ್ನು ಅರಿಯದ ಹಳ್ಳಿ ಲೋಕದಲ್ಲಿ ಉಳಿಯಲಿಲ್ಲ.

ಈಗ ಮೂಗಿನ ದ್ರವದಲ್ಲಿ ವೈರಸ್ಸಿನ ಗುರುತನ್ನೇ ಹಿಡಿಯುವ ಪರೀಕ್ಷೆಗಳಿಂದ ಗಂಟೆಗಳೊಳಗೆ ಉತ್ತರ ಸಿಗುತ್ತದೆ. ಇನ್‌ಫ್ಲುಯೆಂಜಕ್ಕೆ 1999ರಿಂದ ಬಳಕೆಗೆ ಬಂದ ಒಸೆಲ್ಟಮಿವಿರ್‌ನಂಥ ಔಷಧಗಳು ಉಂಟು. ವ್ಯಾಧಿ ಆರಂಭವಾದ ಎರಡು ದಿವಸಗಳೊಳಗೆ ಕೊಟ್ಟರೆ ಅವುಗಳ ಗುಣ ಹೆಚ್ಚು. ಪ್ರತಿವರ್ಷವೂ ನವೀಕರಿಸುವ ಲಸಿಕೆಯೂ ಉಂಟು. ಇವಾವುವೂ ನೆಗಡಿಗೆ ನಡೆಯುವುವಲ್ಲ. ಮೆಣಸು ಶುಂಠಿಗಳ ಕಷಾಯ, ಹಬೆ, ವಿಶ್ರಾಂತಿ ಇವುಗಳಿಂದ ಅದನ್ನು ಸಹ್ಯವಾಗಿಸಿಕೊಳ್ಳಬಹುದು, ಅಷ್ಟೆ. ಆದರೆ ಲಸಿಕೆ ಹಾಕಿಸಿಕೊಂಡವರಲ್ಲಿ ಅಥವಾ ಗಟ್ಟಿ ದೇಹದವರಲ್ಲಿ ಇನ್‌ಫ್ಲುಯೆಂಜ ನೆಗಡಿಯ ವೇಷದಲ್ಲಿ ಸುಳಿದು ಹೋಗುವುದುಂಟು. ಮುದುಕರಲ್ಲಿ ಜ್ವರವೇ ಏರದೆ ಬರಿಯ ಮಂಪರು, ಊಟ ಬೇಡವೆನ್ನುವುದು ಇಷ್ಟೇ ಲಕ್ಷಣವಾಗಿ ಅದು ಬರುವುದೂ ಉಂಟು. ಆದುದರಿಂದ ಊರಿನಲ್ಲಿ ಫ್ಲೂ ಹಬ್ಬಿರುವಾಗ ಗರ್ಭಿಣಿಯರಿಗೆ, ವೃದ್ಧರಿಗೆ, ಹೃದಯ ಶ್ವಾಸಕೋಶಗಳ ವ್ಯಾಧಿಯಿರುವವರಿಗೆ ಇಂಥ ಸಂದೇಹ ಬಂದೊಡನೆ, ಪರೀಕ್ಷೆಯ ಫಲವನ್ನೂ ಕಾಯದೆ ವೈದ್ಯರು ಔಷಧವನ್ನು ಆರಂಭಿಸುತ್ತಾರೆ; ಇಳಿದ ಜ್ವರ ಮತ್ತೆ ಏರಿದರೆ, ಉಸಿರು ಸಾಲದೆ ಹೋದರೆ, ತುಟಿ ನೀಲಿಗಟ್ಟಿದರೆ ಯಾವ ವಯಸ್ಸಿನವರನ್ನಾದರೂ ತಡಮಾಡದೆ ಆಸ್ಪತ್ರೆಗೆ ಸೇರಿಸುತ್ತಾರೆ.